ತರ್ಟಿಟೂ ಎಂಬ ಸವತಿ

ಮಾಂಬಳ್ಳಿಯ ಚನ್ನಾಜಮ್ಮನಿಗೆ ಐವತ್ತು ದಾಟುವವರೆಗೆ ಹೊಟ್ಟೆಕಿಚ್ಚಿನ ಪರಿಚಯವಿರಲಿಲ್ಲ. ಪಕ್ಕದ ಮನೆಯವರು ಮಹಡಿ ಕಟ್ಟಿಸಿದಾಗ ಅವಳು ಗೃಹಪ್ರವೇಶಕ್ಕೆ ಹೋಗಿ ಹೊಟ್ಟೆ ತುಂಬ ಉಂಡು ಬಂದಿದ್ದಳು. ಗಂಡ ಪುಟ್ಟಬಸಪ್ಪ ಬೇರೆ ಹೆಂಗಸಿನ ಕಡೆ ಕಣ್ಣೆತ್ತಿ ನೋಡಿದವನಲ್ಲ. ಕಣ್ಣೆತ್ತಿ ನೋಡುವುದಿರಲಿ, ಮಾತೇ ಕಡಿಮೆ. ಬೆಳಗ್ಗೆ ಎದ್ದರೆ ಗದ್ದೆ, ಬಂದರೆ ಊಟ, ಉಂಡರೆ ಜಗಲಿ. ಅಂಥವನ ಮನೆಗೆ ಸವತಿ ಬಂದಳು. ಕಪ್ಪಗಿದ್ದಳು, ಗಿಡ್ಡಗಿದ್ದಳು, ಮೈಯಿಂದ ಗ್ರೀಸಿನ ವಾಸನೆ ಬರುತ್ತಿತ್ತು. ಪಾಯಿಂಟ್ ತರ್ಟಿಟೂ ಬೋರಿನ ರಿವಾಲ್ವರ್.

ತಂದದ್ದಕ್ಕೆ ಕಾರಣವಿತ್ತು. ತೋಟದ ಮನೆಗಳಲ್ಲಿ ಒಂದೆರಡು ಕಳ್ಳತನವಾಗಿದ್ದವು. ರೇಷ್ಮೆಗೂಡು ಮಾರಿ ಕೊಳ್ಳೇಗಾಲದಿಂದ ಒಬ್ಬನೇ ಬರುವಾಗ ಯಾರೋ ಬೈಕಿನಲ್ಲಿ ಹಿಂಬಾಲಿಸಿದ್ದರು. ಪುಟ್ಟಬಸಪ್ಪ ಲೈಸೆನ್ಸಿಗೆ ಅರ್ಜಿ ಹಾಕಿದ, ಕಚೇರಿಯಿಂದ ಕಚೇರಿಗೆ ಅಲೆದ. ಕೊನೆಗೆ ಒಂದು ದಿನ ಮೈಸೂರಿನಿಂದ ಚರ್ಮದ ಚೀಲದಲ್ಲಿ ಅದನ್ನು ತಂದು ನಡುಮನೆಯ ಚಾಪೆಯ ಮೇಲಿಟ್ಟ. ಚನ್ನಾಜಮ್ಮ ದೂರ ನಿಂತು ನೋಡಿದಳು. ಅವಳಿಗೆ ಆಗ ಅನ್ನಿಸಿದ್ದು ಭಯ ಮಾತ್ರ. ಹೊಟ್ಟೆಕಿಚ್ಚು ಬಂದದ್ದು ಆಮೇಲೆ, ಗಂಡನ ಬಾಯಲ್ಲಿ ಮಾತು ಹುಟ್ಟಿದ ಮೇಲೆ.

ಚನ್ನಾಜಮ್ಮನ ತವರು ಮುಳ್ಳೂರು. ಮದುವೆಯ ಚಪ್ಪರದಲ್ಲೇ ನಾದಿನಿ ಕೆಂಪಾಜಮ್ಮ ನಾಲ್ಕು ಜನರ ಎದುರಿಗೆ, "ಎಣ್ಣು ಗಿಡ್ಡ ಆಯ್ತು. ನಮ್ಮಣ್ಣನ ಪಕ್ಕ ನಿಂತ್ರೆ ಮೊಳಕೈಗೂ ಬರಕ್ಕಿಲ್ಲ" ಎಂದಿದ್ದಳು. ಪುಟ್ಟಬಸಪ್ಪ ತಲೆ ತಗ್ಗಿಸಿ ಎಲೆಯಲ್ಲಿದ್ದ ಹೋಳಿಗೆಯನ್ನು ನೋಡಿದ. ಮೊದಲ ಬೆಳೆಯ ರೇಷ್ಮೆಹುಳುವಿಗೆ ಹಾಲುರೋಗ ಬಂದು ತಟ್ಟೆ ತಟ್ಟೆಯೇ ತಿಪ್ಪೆಗೆ ಹೋದಾಗ ಅದೇ ಕೆಂಪಾಜಮ್ಮ, "ಕೈಗುಣ ನೋಡಿ ಒಳಕ್ಕೆ ಬುಡಬೇಕಿತ್ತು" ಎಂದಳು. ಆಗಲೂ ಅವನು ಮಾತಾಡಲಿಲ್ಲ. ಹಿಪ್ಪುನೇರಳೆ ತೋಟದ ಕಡೆ ನಡೆದುಹೋದ.

ಚನ್ನಾಜಮ್ಮ ಇದಕ್ಕೆ ತನ್ನದೇ ಒಂದು ಸಮಾಧಾನ ಕಂಡುಕೊಂಡಿದ್ದಳು. ಕೆಲವು ಗಂಡಸರಿಗೆ ಮಾತು ಬರುವುದಿಲ್ಲ, ಅಷ್ಟೆ. ನಾಲ್ಕನೆಯ ಜ್ವರ ಕಳೆದು, ಅಂದರೆ ಕೊನೆಯ ಪೊರೆ ಬಿಟ್ಟು, ಎದ್ದ ಹುಳು ಸೊಪ್ಪು ಮೇಯುವಾಗ ಹುಳುಮನೆಯೊಳಗೆ ತುಂತುರು ಬಿದ್ದ ಹಾಗೆ ಸದ್ದಾಗುತ್ತದೆ. ಆ ಸದ್ದಿನ ನಡುವೆ ನಿಂತು ಅವಳು ಸೊಪ್ಪು ಉದುರಿಸುತ್ತ, ಗಂಡನೂ ಹೀಗೆಯೇ, ಬಾಯಿ ಇರುವುದು ಉಣ್ಣುವುದಕ್ಕೆ ಮಾತ್ರ ಎಂದುಕೊಂಡು ನಗುತ್ತಿದ್ದಳು. ಆ ನಗುವಿನಲ್ಲಿ ಅವಳ ಅರ್ಧ ಆಯುಸ್ಸು ಕಳೆದಿತ್ತು. ಅವಳು ಬೇಡಿದ್ದು ದೊಡ್ಡದೇನಲ್ಲ. ನಾಲ್ಕು ಜನರ ಎದುರಿಗೆ, ಒಂದು ಸಲ, ತನ್ನ ಪರವಾಗಿ ಅವನು ಒಂದು ಮಾತಾಡಬೇಕಿತ್ತು. ಅವನಿಗೆ ಮಾತು ಬರುವುದಿಲ್ಲ ಎಂದು ನಂಬಿದ್ದರಿಂದ ಆ ಆಸೆ ಬೂದಿ ಮುಚ್ಚಿಕೊಂಡು ಮಲಗಿತ್ತು.

ರಿವಾಲ್ವರ್ ಬಂದು ಆ ಬೂದಿಯನ್ನು ಊದಿತು.

ಬೀದಿಯ ಕೊನೆಯ ಮನೆಯ ಶಾಂತಮೂರ್ತಿ ಮಿಲಿಟರಿಯಲ್ಲಿದ್ದು ಬಂದವನು. ಅವನ ಹತ್ತಿರ ಜೋಡುನಳಿಗೆಯ ಉದ್ದ ಬಂದೂಕ ಇತ್ತು. ಸಂಜೆ ಹೊತ್ತು ಪುಟ್ಟಬಸಪ್ಪನ ಜಗಲಿಗೆ ಬಂದು ಕೂತರೆ ಅವನಿಗೆ ಇದ್ದದ್ದು ಒಂದೇ ಕೆಲಸ. ಗೆಳೆಯನ ಹೊಸ ರಿವಾಲ್ವರನ್ನು ಕೆಣಕುವುದು.

"ಲೇ ಪುಟ್ಟಬಸ, ತರ್ಟಿಟೂ ಅಂದ್ರೆ ಏನ್ಲಾ? ಅದ್ರ ಗುಂಡು ನೋಡಿದ್ದೀಯಾ, ಅವರೆಕಾಳು ಇದ್ದಂಗೆ ಅದೆ. ಕಳ್ಳ ಕಂಬಳಿ ಒದ್ಕಂಡಿದ್ರೆ ಒಳಗೇ ಓಗಕ್ಕಿಲ್ಲ. 'ಅಣ್ಣೋ, ಏನೋ ಕಚ್ಚಿತು' ಅಂತ ಕೆರ್ಕಂಡು ಓಯ್ತಾನೆ."

"ಕಂಬಳಿ ಅಂತೆ ಕಂಬಳಿ. ನಿನ್ ಎದೆ ಕೊಡ್ಲಾ, ನೋಡಾವ."

"ಮಿಲಿಟ್ರೀಲಿ ನಮಗೆ ಕೊಡ್ತಿದ್ದುದು ನೈನ್ ಎಮ್ಮೆಮ್. ಒಡುದ್ರೆ ಆಳು ನಿಂತ್ಕಂಡಲ್ಲೇ ಕೂರಬೇಕು."

"ಆ ನೈನ್ ಎಮ್ಮೆಮ್ಮು ನನ್ಗೆ ನಿನ್ಗೆ ಕೊಡ್ತಾರೇನ್ಲಾ? ಸರ್ಕಾರದೋರು ನಮ್ಮಂಥೋರ್ಗೆ ಬುಟ್ಟಿರೋದೇ ಇದು. ಸಿಕ್ಕೋದ್ನ ಬುಟ್ಟು ಸಿಕ್ದೇ ಇರೋದ್ರ ಕನಸು ಕಾಣ್ಕಂಡು ಕೂತ್ಕಳ್ಳನಾ?"

ಚನ್ನಾಜಮ್ಮ ಕಾಫಿ ಲೋಟ ಹಿಡಿದುಕೊಂಡು ಬಾಗಿಲ ಒಳಗೇ ನಿಂತಳು. ಗಂಡನ ಗಂಟಲಿನಿಂದ ಅಷ್ಟುದ್ದದ ಮಾತು ಬಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಅವನು ನಿಲ್ಲಿಸಲಿಲ್ಲ. ಅದು ಕೈಯನ್ನು ಒದೆಯುವುದಿಲ್ಲ, ಮಣಿಕಟ್ಟು ನೋಯುವುದಿಲ್ಲ ಎಂದ. ಒದೆಯದ್ದರಿಂದಲೇ ಎರಡನೆಯ ಗುಂಡೂ ಇಟ್ಟ ಗುರಿಗೇ ಹೋಗುತ್ತದೆ ಎಂದ. ಅಂಗಿಯ ಒಳಗೆ ಸೊಂಟದಲ್ಲಿದ್ದರೆ ಎದುರು ಕೂತವನಿಗೂ ಗೊತ್ತಾಗುವುದಿಲ್ಲ, ಮದುವೆಮನೆಯಲ್ಲಿ ಯಾರೂ ಹೆದರುವುದಿಲ್ಲ. ಕಟ್ಟುಮಸ್ತು ಕೆಲಸ, ನಡುವೆ ಸಿಕ್ಕಿಕೊಳ್ಳುವುದಿಲ್ಲ, ಒಂದು ಗುಂಡು ಹಾರದಿದ್ದರೆ ಕುದುರೆ ಇನ್ನೊಂದು ಸಲ ಎಳೆದರಾಯಿತು, ಮುಂದಿನದು ತಾನೇ ಬಂದು ನಿಲ್ಲುತ್ತದೆ.

"ಎಳಿಯೋದೇ ಕಷ್ಟ ಅಲ್ವೇನ್ಲಾ," ಶಾಂತಮೂರ್ತಿ ಬಿಡಲಿಲ್ಲ. "ಬಾವಿ ಹಗ್ಗ ಎಳ್ದಂಗೆ ಎಳೀಬೇಕು. ಅಷ್ಟೊತ್ಗೆ ಗುರಿ ಕೆಳಕ್ ಓಗಿರ್ತದೆ. ಆಮ್ಯಾಕೆ ಗುಂಡು ಈ ಜಗಲಿಯಿಂದ ಆ ಜಗಲಿ ಮುಟ್ಟಿದ್ರೆ ದೊಡ್ಡದು. ಇದ ತಕಂಡು ಅನೂರು ಕಾಡ್ ಕಡೆ ಓಗು. ಜ್ವಾಳದ ಒಲದಲ್ಲಿ ಕಾಡಂದಿ ಇದ ನೋಡಿ ನಗ್ತದೆ ಕಣ್ಲಾ."

"ನಾನ್ಯಾಕ್ ಅಂದಿ ಒಡಿಯಾಕೋಗ್ಲಿ? ಇದು ಅಂದಿಗಲ್ಲ. ನನ್ ಜತೇಲಿರಾಕೆ. ಜತೇಲಿರಾಕೆ ಇದ್ಕಿಂತ ಬೇಕೇನ್ಲಾ? ಚಿಕ್ಕದು, ಅಗುರ, ಸದ್ದಿಲ್ಲ ಗದ್ದಲಿಲ್ಲ. ಬೇಕಾದಾಗ ಕೈ ಕೊಡಕ್ಕಿಲ್ಲ."

ಜಗಲಿಯ ಇನ್ನೊಂದು ತುದಿಯಲ್ಲಿ ಕೆಂಪಾಜಮ್ಮ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲೇ ಇದ್ದಳು. ಚನ್ನಾಜಮ್ಮ ಲೋಟ ತಂದಿಟ್ಟಾಗ ಅದನ್ನು ಬಗ್ಗಿ ನೋಡಿ, "ಕಾಫಿನೋ, ಸೊಪ್ಪು ತೊಳ್ದ ನೀರೋ? ಇವಳ ಕೈಲಿ ಯಾವತ್ತೂ ಇಷ್ಟೇಯ" ಎಂದಳು. ಶಾಂತಮೂರ್ತಿ ನಕ್ಕ. ಚನ್ನಾಜಮ್ಮ ಗಂಡನ ಮುಖ ನೋಡಿದಳು. ಅಷ್ಟು ಹೊತ್ತು ಅಷ್ಟೊಂದು ಮಾತಾಡಿದ ಬಾಯಿ ಈಗಲಾದರೂ ತೆರೆಯಬಹುದು ಎಂದುಕೊಂಡಳು. ಅವನು ಲೋಟ ಎತ್ತಿಕೊಂಡು, ಉಫ್ ಎಂದು ಊದಿ, ಕುಡಿದ.

ಚಿಕ್ಕದು, ಹಗುರ, ಸದ್ದಿಲ್ಲ ಗದ್ದಲವಿಲ್ಲ, ಜೊತೆಯಲ್ಲಿರುವುದಕ್ಕೆ ಇದಕ್ಕಿಂತ ಬೇಕೇನು. ಒಳಗೆ ಹೋಗಿ ಸೊಪ್ಪು ಕತ್ತರಿಸುತ್ತ ಚನ್ನಾಜಮ್ಮ ಆ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ಅವನಿಗೆ ಮಾತು ಬರುತ್ತಿತ್ತು. ಇಷ್ಟು ಕಾಲವೂ ಬರುತ್ತಿತ್ತು. ಅದು ತನಗಾಗಿ ಬಂದಿರಲಿಲ್ಲ.

ಅಂದಿನಿಂದ ಅವಳು ಅದರ ಮೇಲೆ ಕಣ್ಣಿಟ್ಟಳು. ಶುಕ್ರವಾರದ ಪೂಜೆ ಮುಗಿದ ಮೇಲೆ ಅವನು ಅದನ್ನು ಬಿಚ್ಚಿ ಬಟ್ಟೆಯಿಂದ ಒರೆಸುವಾಗ, ಬೆರಳ ತುದಿಗೆ ಎಣ್ಣೆ ತೆಗೆದುಕೊಂಡು ಸಂದುಸಂದಿಗೆ ಹಚ್ಚುವಾಗ, ಅವಳು ಏನಾದರೂ ನೆಪ ಹೇಳಿಕೊಂಡು ನಡುಮನೆ ಹಾಯುತ್ತಿದ್ದಳು. ಸೊಪ್ಪು ಕೊಯ್ದು ಕೊಯ್ದು ತನ್ನ ಬೆರಳ ಸಂದುಗಳು ಸೀಳಿದ್ದವು. ಅವಕ್ಕೆ ಹಚ್ಚಲು ಹರಳೆಣ್ಣೆ ತಾನೇ ಹುಡುಕಿಕೊಳ್ಳಬೇಕು. ಮಲೆಯ ಮಾದಪ್ಪನ ಬೆಟ್ಟಕ್ಕೆ ಹೋದಾಗಲೂ ಅವನು ಲಾಡ್ಜಿನ ರೂಮು ಬಿಟ್ಟು ಕದಲಲಿಲ್ಲ. ದೇವಸ್ಥಾನದೊಳಕ್ಕೆ ಅದನ್ನು ಬಿಡುವುದಿಲ್ಲ, ಒಂದನ್ನೇ ಬಿಟ್ಟು ಹೇಗೆ ಬರಲಿ ಎಂದ. ಅವಳೊಬ್ಬಳೇ ಸಾಲಿನಲ್ಲಿ ನಿಂತು ದರ್ಶನ ಮಾಡಿ ಬಂದಳು. ಒಂದನ್ನೇ ಬಿಟ್ಟು ಎಂದದ್ದು ಯಾರನ್ನು ಕುರಿತು ಎಂದು ಸಾಲು ಮುಗಿಯುವವರೆಗೆ ಯೋಚಿಸಿದಳು.

ನಲ್ಲಿಯ ಹತ್ತಿರ ಹೆಂಗಸರಿಗೆ ಇದು ಹೇಗೋ ತಿಳಿಯಿತು.

"ಏನ್ ಚನ್ನಾಜಕ್ಕ, ನಿನ್ ಸವತಿ ಎಂಗವ್ಳೆ?"

"ಅವಳಿಗೇನು, ಚರ್ಮದ ಸೀರೆ ಉಟ್ಕಂಡು ಮೆತ್ತಗೆ ಬೀರೂಲಿ ಮಲಗವ್ಳೆ."

"ನಿಂಗೂ ಒಂದ್ ಲೈಸೆನ್ಸ್ ಮಾಡ್ಸ್ಕಳವ್ವ. ಆಗ ಸೊಂಟಕ್ ಕಟ್ಕತಾನೆ."

ಅವಳೂ ಅವರೊಡನೆ ನಕ್ಕಳು. ಬಿಂದಿಗೆ ಎತ್ತಿಕೊಂಡು ಮನೆಗೆ ಬರುವಾಗ ಆ ನಗು ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು.

ಆ ಸಲದ ಆಯುಧಪೂಜೆಗೆ ಹುಳು ನಾಲ್ಕನೆಯ ಜ್ವರ ಕಳೆದು ಎದ್ದಿದ್ದವು. ಮನೆಯ ಪದ್ಧತಿಯಂತೆ ನೇಗಿಲ ಗುಳ, ಕುಡುಗೋಲು, ಪಂಪಿನ ಸ್ಪ್ಯಾನರು, ಈಳಿಗೆಮಣೆ ಎಲ್ಲವನ್ನೂ ತೊಳೆದು ದೇವರ ಕೋಣೆಯ ಮುಂದೆ ಸಾಲಾಗಿ ಇಟ್ಟರು. ಪುಟ್ಟಬಸಪ್ಪ ಗುಂಡುಗಳನ್ನೆಲ್ಲ ತೆಗೆದು ಬೇರೆ ಇಟ್ಟು, ಕೆಂಪು ರೇಷ್ಮೆಯ ತುಂಡೊಂದನ್ನು ನಡುವೆ ಹಾಸಿ, ರಿವಾಲ್ವರನ್ನು ಅದರ ಮೇಲೆ ಮಲಗಿಸಿದ. ಆ ತುಂಡಿಗೆ ಜಾಗ ಬೇಕಾಗಿ ಚನ್ನಾಜಮ್ಮನ ಸೊಪ್ಪಿನ ಕತ್ತಿಯನ್ನು ಗೋಡೆಯ ಪಕ್ಕಕ್ಕೆ ತಳ್ಳಿದ. ಈ ಮನೆಯ ಸಾಲ ತೀರಿದ್ದು, ಮಗಳ ಮದುವೆಯಾದದ್ದು ಆ ಕತ್ತಿಯಿಂದ. ತಳ್ಳಿದಾಗ ಅದು ಕಿರ್ ಎಂದು ನೆಲ ಗೀಚಿತು. ಅವನಿಗೆ ಕೇಳಿಸಲಿಲ್ಲ.

ವಿಭೂತಿ ಹಚ್ಚುವುದು ಮನೆಯೊಡತಿಯ ಕೆಲಸ. ಚನ್ನಾಜಮ್ಮ ಎಲ್ಲಕ್ಕೂ ಮೂರು ಮೂರು ಗೆರೆ ಎಳೆಯುತ್ತ ಬಂದು ಕೆಂಪು ರೇಷ್ಮೆಯ ಮುಂದೆ ಕೂತಳು. ಅವನು ಕಾರಿಗೆ ಹಾರ ಕಟ್ಟಲು ಹೊರಗೆ ಹೋಗಿದ್ದ. ಅವಳು ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಚೆಂದವೇ ಇತ್ತು. ಅದು ಅವಳನ್ನು ಇನ್ನಷ್ಟು ನೋಯಿಸಿತು. ವಿಭೂತಿಗಟ್ಟಿಯನ್ನು ಕಾಯಿನೀರಿನಲ್ಲಿ ಗಟ್ಟಿಯಾಗಿ ತೇಯ್ದಳು. ನಳಿಗೆಗೆ ಮೂರು ಗೆರೆ ಎಳೆದಳು. ಸಾಲದು ಎನ್ನಿಸಿತು. ಗುಂಡು ಕೂರುವ ಉರುಳೆಗೆ ಸುತ್ತಲೂ ಬಳಿದಳು. ಮಡಚಿ ತೆರೆಯುವ ಕೊಂಡಿಗೆ ಬಳಿದಳು. ಅದರ ಮೇಲೆ ಗಂಧ, ಗಂಧದ ಮೇಲೆ ಕುಂಕುಮ. ಚೆಂಡುಹೂವಿನ ತೊಟ್ಟನ್ನು ನಳಿಗೆಯ ಬಾಯಿಗೆ ಸಿಕ್ಕಿಸಿ, ಮಿಕ್ಕ ಕಾಯಿನೀರನ್ನು ತೀರ್ಥದಂತೆ ಮೇಲೆ ಬಿಟ್ಟಳು. ಮದುವಣಗಿತ್ತಿಗೆ ಅರಿಸಿನ ಹಚ್ಚುವಾಗ ಓರಗೆಯವರು ಬೇಕೆಂದೇ ಕಿವಿ ಮೂಗಿಗೆಲ್ಲ ಮೆತ್ತುತ್ತಾರಲ್ಲ, ಅವಳ ಕೈ ಹಾಗೆ ಆಡಿತು.

ಪುಟ್ಟಬಸಪ್ಪ ಬಂದು ನೋಡಿ ಕೈಮುಗಿದ. "ಲಕ್ಷಣವಾಗಿ ಮಾಡಿದ್ದೀಯೆ" ಎಂದ. ಆ ಮನೆಯಲ್ಲಿ ಅವನು ಅವಳಿಗೆ ಹೇಳಿದ ಮೊದಲ ಹೊಗಳಿಕೆ ಅದು. ಅದೂ ಸವತಿಯ ಸಿಂಗಾರಕ್ಕೆ ಸಂದಿತು.

ಪೂಜೆಗಿಟ್ಟ ಆಯುಧವನ್ನು ಮೂರು ದಿನ ಮುಟ್ಟಬಾರದೆಂದು ಆ ಮನೆಯ ನೇಮ. ಹುಳುವಿಗೆ ನೇಮ ತಿಳಿಯುವುದಿಲ್ಲ. ಮಧ್ಯಾಹ್ನದ ಸೊಪ್ಪಿಗೆ ಚನ್ನಾಜಮ್ಮ ದೇವರಿಗೆ ಕೈಮುಗಿದು ತನ್ನ ಕತ್ತಿಯನ್ನು ಎತ್ತಿಕೊಂಡಳು. ಗೋಡೆಯ ಪಕ್ಕ ಖಾಲಿಯಾಯಿತು. ರೇಷ್ಮೆಯ ಮೇಲೆ ಅದು ಮಾತ್ರ ಹೂ ಕಚ್ಚಿಕೊಂಡು ಆರಾಮವಾಗಿ ಮಲಗಿತ್ತು. ಕಾಯಿನೀರು ಆರಿತು, ವಿಭೂತಿ ಬಿಗಿಯಿತು.

ಹುಳು ಗೂಡು ಕಟ್ಟಲು ಚಂದ್ರಿಕೆಯ ಬಿದಿರ ಸುರುಳಿಗೆ ಏರಿದವು. ಅವನು ಮೇಲುಮೇಲೆ ಹೂವು ತೆಗೆದು, ಪೂಜೆಯ ಗುರುತು ಇರಲೆಂದು ಒರೆಸದೆ, ಅದನ್ನು ಚೀಲಕ್ಕೆ ಹಾಕಿಟ್ಟ. ಆ ಶುಕ್ರವಾರ ಅವನಿಗೆ ಗೂಡು ಬಿಡಿಸುವ ಆಳುಗಳನ್ನು ಹುಡುಕುವುದೇ ಆಯಿತು. ಅಷ್ಟರಲ್ಲಿ ಪಂಚಾಯ್ತಿ ಎಲೆಕ್ಷನ್ ಘೋಷಣೆಯಾಗಿ ಪೊಲೀಸ್ ಸ್ಟೇಷನ್ನಿನಿಂದ ಫೋನ್ ಬಂತು. ಎಲೆಕ್ಷನ್ ಬಂದರೆ ಲೈಸೆನ್ಸಿನ ಬಂದೂಕಗಳೆಲ್ಲ ಸ್ಟೇಷನ್ನಿಗೆ ಹೋಗಿ ಕೂರಬೇಕು, ಎಣಿಕೆ ಮುಗಿದ ಮೇಲೆ ಮನೆಗೆ.

ಆವತ್ತೇ ಗೂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗಬೇಕಿತ್ತು. ಕಾರಿನ ಹಿಂದೆ ಗೂಡಿನ ಚೀಲ, ಮುಂದೆ ಗಂಡ ಹೆಂಡತಿ, ಅವರ ನಡುವೆ ಚರ್ಮದ ಚೀಲ. ಸವತಿ ತವರಿಗೆ ಹೊರಟಿದ್ದಳು. ಇನ್ನು ಒಂದಷ್ಟು ಶುಕ್ರವಾರಗಳು ತನ್ನವು ಎಂದು ಚನ್ನಾಜಮ್ಮನಿಗೆ ಒಳಗೊಳಗೇ ಹಗುರವಾಗಿತ್ತು.

ಸ್ಟೇಷನ್ನಿನಲ್ಲಿ ಶಾಂತಮೂರ್ತಿ ಆಗಲೇ ತನ್ನ ಉದ್ದ ಬಂದೂಕ ಮೇಜಿನ ಮೇಲಿಟ್ಟು ನಿಂತಿದ್ದ. ಪಕ್ಕದಲ್ಲಿ ಎಣ್ಣೆಯ ಪುಟ್ಟ ಶೀಷೆ. ಕಾನ್‌ಸ್ಟೇಬಲ್ ರಾಣಿ ಪುಟ್ಟಬಸಪ್ಪನ ಲೈಸೆನ್ಸ್ ನೋಡಿ ತಲೆಯೆತ್ತಿದಳು.

"ತೆಗ್ದು ತೋರ್ಸಿ ಸಾ, ಖಾಲಿ ಅದಾ ಅಂತ ನೋಡ್ಬೇಕು."

ಅವನು ಕೊಂಡಿ ಒತ್ತಿದ. ಅದು ಕದಲಲಿಲ್ಲ. ಎರಡೂ ಹೆಬ್ಬೆರಳು ಕೊಟ್ಟು ಒತ್ತಿದ. ಉರುಳೆ ತಿರುಗಿಸಲು ನೋಡಿದ, ಅದೂ ಗೋಡೆಯಂತೆ ನಿಂತಿತು. ಸಂದಿನಿಂದ ಬಿಳಿಯ ಪುಡಿ ಮೇಜಿನ ಮೇಲೆ ಉದುರಿತು.

"ಏನ್ ಸಾ ಇದು, ಗಾರೆ ಮೆತ್ತಿದಂಗದೆ?" ರಾಣಿ ಬಗ್ಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ವಿಭೂತಿ! ಕುಂಕುಮ ಬೇರೆ! ಸೀಮಂತ ಮಾಡ್ಸ್ಕಂಡು ಕರ್ಕಂಬಂದಿದ್ದೀರಾ?"

ಶಾಂತಮೂರ್ತಿಯ ನಗು ಹೊರಗಿನ ಹೊಂಗೆಮರದವರೆಗೆ ಹೋಯಿತು. "ನಾನು ಯೋಳ್ಲಿಲ್ವೇನ್ಲಾ! ಬೇಕಾದಾಗ ಕೈ ಕೊಡಕ್ಕಿಲ್ಲ ಅಂದ್ಯಲ್ಲ? ಒಂದ್ ಗೆರೆ ವಿಭೂತಿ ತಡ್ಕಳ್ಳಾಕಾಗ್ದೆ ಕೈ ಕೊಡ್ತಲ್ಲೋ. ಇಷ್ಟೇ ಕಣ್ಲಾ ತರ್ಟಿಟೂ."

ಪುಟ್ಟಬಸಪ್ಪನ ಕಿವಿ ಕೆಂಪಾದವು.

"ಇಲ್ಲಾಂದ್ರೆ," ಶಾಂತಮೂರ್ತಿ ಚನ್ನಾಜಮ್ಮ ಕೂತಿದ್ದ ಬೆಂಚಿನ ಕಡೆ ತಿರುಗಿದ, "ಪೂಜೆ ಮಾಡ್ದೋರ ಕೈಲಿ ದೋಷ. ಯಾರು ತಂಗ್ಯವ್ವ, ನೀನೇನಾ? ಕಬ್ಣಕ್ಕೆ ಇಷ್ಟೊಂದ್ ಬಳೀಬಾರ್ದು ಅಂತ ಗೊತ್ತಾಗಕ್ಕಿಲ್ವಾ? ಯೋಳ್ಲಾ ಪುಟ್ಟಬಸ, ತಪ್ಪು ಇದ್ರದ್ದಾ, ನಿನ್ ಎಂಡ್ರುದ್ದಾ?"

ರಾಣಿ ಪೆನ್ನು ಹಿಡಿದು ಕಾಯುತ್ತಿದ್ದಳು. ಸಹಿ ಹಾಕಲು ಬಂದಿದ್ದ ಇನ್ನಿಬ್ಬರು ಬಾಗಿಲಲ್ಲಿ ನಿಂತರು. ನಾಲ್ಕು ಜನ ಆಗಿದ್ದರು. ಚನ್ನಾಜಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ತನ್ನ ಕೈ ಏನು ಮಾಡಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅದನ್ನು ಹೇಳಿಬಿಟ್ಟರೆ ಅವನ ರಿವಾಲ್ವರಿನ ಮಾನ ಉಳಿಯುತ್ತಿತ್ತು. ಬೋರು ಒಳ್ಳೆಯದೇ, ಹೆಂಗಸಿನ ಬುದ್ಧಿ ಕೆಟ್ಟದ್ದು. ಒಂದೇ ಮಾತು. ಜಗಲಿಯ ಅಷ್ಟೂ ಸಂಜೆಗಳ ಜಗಳ ಅವನು ಗೆದ್ದಂತೆ.

ಪುಟ್ಟಬಸಪ್ಪ ರಿವಾಲ್ವರನ್ನು ನೋಡಿದ. ಹೆಂಡತಿಯ ಕಡೆ ನೋಡಲಿಲ್ಲ.

"ಅವಳ್ ತಪ್ಪೇನಿಲ್ಲ ಬುಡ್ಲಾ," ಎಂದ. "ಅವಳು ಎಲ್ಲಾಕೂ ಮಾಡ್ದಂಗೇ ಇದ್ಕೂ ಮಾಡವ್ಳೆ. ಇದ್ರ ಕೊಂಡಿ ಮೊದ್ಲಿಂದ್ಲೂ ಬಿಗಿ. ಸಾಮಾನೇ ಅಷ್ಟು. ನೀನ್ ಯೋಳಿದ್ದೇ ಸರಿ."

ಚನ್ನಾಜಮ್ಮನ ಎದೆಯೊಳಗೆ ಏನೋ ತುಳುಕಿತು. ಚಪ್ಪರದ ದಿನದಿಂದ ಕಾದಿದ್ದ ಮಾತು ಅದು. ನಾಲ್ಕು ಜನರ ಎದುರಿಗೇ ಬಂದಿತ್ತು. ಅವಳು ತಲೆಯೆತ್ತಿ ಬಾಗಿಲಲ್ಲಿ ನಿಂತವರನ್ನು, ರಾಣಿಯನ್ನು, ಶಾಂತಮೂರ್ತಿಯನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೆಂಪಾಜಮ್ಮ ಇಲ್ಲಿರಬೇಕಿತ್ತು ಅನ್ನಿಸಿತು.

"ಒಪ್ಕಂಡ್ಯಲ್ಲ ಕೊನೆಗೂ!" ಶಾಂತಮೂರ್ತಿ ಕೈ ಚಾಚಿ ರಿವಾಲ್ವರನ್ನು ಎತ್ತಿಕೊಂಡ. ಶೀಷೆಯ ಎಣ್ಣೆಯನ್ನು ಕೊಂಡಿಗೆ ಬಿಟ್ಟ, ಉರುಳೆಯ ಸುತ್ತ ಬಿಟ್ಟ, ತನ್ನ ಟವಲಿನ ತುದಿಯಿಂದ ಉಜ್ಜಿದ. ಬಿಳಿಯ ಕೆಸರು ಒಸರಿತು. ಮೆಲ್ಲಗೆ, ಮೆಲ್ಲಗೆ ಅದುಮಿದ. ಟಕ್ ಎಂದು ಅದು ನಡು ಬಗ್ಗಿಸಿ ತೆರೆದುಕೊಂಡಿತು. ಖಾಲಿ. ಅವನು ಮತ್ತೆ ಮಡಚಿ, ಉರುಳೆ ತಿರುಗಿಸಿ, ಅಂಗೈಯಲ್ಲಿಟ್ಟು ತೂಗಿ ನೋಡಿದ. ಅವನ ಮುಖದ ನಗು ಬೇರೆ ತರಹದ್ದಾಯಿತು.

"ಏ, ಕೈಗೆ ಒಪ್ಪಾಗಿ ಕೂತ್ಕತದೆ ಕಣ್ಲಾ ಇದು," ಎಂದು ಗೋಡೆಯ ಕಡೆ ಹಿಡಿದ.

"ಸಾ, ಸಾ, ಇಲ್ಲೆಲ್ಲ ಗುರಿ ಇಡಂಗಿಲ್ಲ," ರಾಣಿ ಗದರಿದಳು.

"ಕೊಡ್ಲಾ ಇಲ್ಲಿ," ಎಂದ ಪುಟ್ಟಬಸಪ್ಪ.

ಚನ್ನಾಜಮ್ಮ ಗಂಡನ ಮುಖ ನೋಡಿದಳು. ಶಾಂತಮೂರ್ತಿಯ ಬೆರಳುಗಳು ಮರದ ಹಿಡಿಯ ಮೇಲೆ ಎಲ್ಲೆಲ್ಲಿ ಹೋದವೋ ಅಲ್ಲೆಲ್ಲ ಅವನ ಕಣ್ಣು ಹೋಗುತ್ತಿತ್ತು. ದವಡೆ ಬಿಗಿದಿತ್ತು. ಶುಕ್ರವಾರ ಶುಕ್ರವಾರ ನಡುಮನೆ ಹಾಯುವಾಗ ತನ್ನ ಮುಖ ಹೇಗಿರುತ್ತಿತ್ತೆಂದು ಅವಳು ಕನ್ನಡಿಯಲ್ಲಿ ನೋಡಿಕೊಂಡಿರಲಿಲ್ಲ. ಈಗ ನೋಡಿದಳು. ಶಾಂತಮೂರ್ತಿ ವಾಪಸು ಕೊಟ್ಟ ಕೂಡಲೇ ಪುಟ್ಟಬಸಪ್ಪ ಅಂಗಿಯ ತುದಿಯಿಂದ ಅದರ ಹಿಡಿಯನ್ನು ಒರೆಸಿದ, ಯಾರೋ ಎಂಜಲು ಮಾಡಿದ ಹಾಗೆ. ಕೊಂಡಿಯ ಮೇಲೆ ಅವನ ಹೆಬ್ಬೆರಳು ಒಂದು ಗಳಿಗೆ ನಿಂತಿತು. ತಪ್ಪಾಯಿತು ಎಂದು ಕೇಳುವವರ ಬೆರಳು ಹಾಗೆ ನಿಲ್ಲುತ್ತದೆ. ಬಂದ ಮಾತು ಅವಳಿಗಾಗಿ ಇತ್ತು, ಅದನ್ನು ಆಡಿದ್ದಕ್ಕೆ ಅವನಿಗಾದ ನೋವೆಲ್ಲ ರಿವಾಲ್ವರಿಗಾಗಿ. ತುಳುಕಿದ್ದೇನಿತ್ತೋ ಅದು ಅವಳೊಳಗೆ ಮೆಲ್ಲಗೆ ಇಳಿಯತೊಡಗಿತು.

ರಾಣಿ ಚೀಟಿ ಕಟ್ಟಿ, ಎರಡನ್ನೂ ತೆಗೆದುಕೊಂಡು ಹೋಗಿ ಒಳಗಿನ ಕಬ್ಬಿಣದ ಬೀರುವಿನಲ್ಲಿಟ್ಟಳು. ಉದ್ದದ್ದನ್ನು ಒರಗಿಸಿ, ಚಿಕ್ಕದನ್ನು ಅದರ ಬುಡದಲ್ಲಿ ಮಲಗಿಸಿ ಬೀಗ ಹಾಕಿದಳು.

ಕಾರು ಕೊಳ್ಳೇಗಾಲದ ದಾರಿ ಹಿಡಿಯಿತು. ಹಿಂದಿನ ಸೀಟಿನಿಂದ ಹಸಿಗೂಡಿನ ವಾಸನೆ ಬರುತ್ತಿತ್ತು. ನಾಲೆಯ ಆಚೆ ಗದ್ದೆಗಳು ಹಾಲುಗಾಳಿನಲ್ಲಿದ್ದವು. ಅವರ ನಡುವೆ ಚರ್ಮದ ಚೀಲವಿದ್ದ ಜಾಗದಲ್ಲಿ ಈಗ ಏನೂ ಇರಲಿಲ್ಲ.

"ನನ್ ಪರವಾಗಿ ಮಾತಾಡುದ್ರಿ," ಎಂದಳು ಚನ್ನಾಜಮ್ಮ.

"ಊಂ."

"ನಾನೇ ಜಾಸ್ತಿ ಮೆತ್ತಿದ್ದು ಅಂತ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಅವನು ಗೇರು ಬದಲಿಸಿದ. ಕಬ್ಬಿನ ಗಾಡಿಯೊಂದನ್ನು ದಾಟಿದ. ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ.

"ಆ ಎಣ್ಣು ಅದ ತಕಂಡೋಗಿ ಅವನ್ ಬಂದೂಕದ ಪಕ್ಕದಲ್ಲೇ ಮಡಗ್ಬುಟ್ಳು ಕಣೆ," ಎಂದ. "ಎಲೆಕ್ಷನ್ ಮುಗಿಯೋಗಂಟ ಅಲ್ಲೇ, ಅದ್ರ ಪಕ್ಕದಲ್ಲೇ ಇರಬೇಕು."

ಚನ್ನಾಜಮ್ಮ ಕಿಟಕಿಯ ಕಡೆ ತಿರುಗಿದಳು.

"ಇರ್ಲಿ ಬುಡಿ. ನಾನಿಲ್ವಾ ಇಷ್ಟ್ ದಿನದಿಂದ, ನಿಮ್ಮಿಬ್ರ ಪಕ್ಕದಲ್ಲಿ?"

ಪುಟ್ಟಬಸಪ್ಪ ರಸ್ತೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಎದುರಿನ ಲಾರಿ ಹಾರ್ನ್ ಹೊಡೆಯುವವರೆಗೂ ನೋಡಿದ.